‘ನೋಡೋಣ’ ಅಂದ್ರೆ

ಮೈಸೂರಿನಲ್ಲಿ ಹುಟ್ಟಿ ಬೆಳೆದವರ ಬಾಯಲ್ಲಿ ‘ಇಲ್ಲ’ ಎಂಬ ಪದ ಇಲ್ಲ. ಮದುವೆಗೆ ಬರ್ತೀರಾ ಅಂದರೆ ‘ನೋಡೋಣ’. ಸೈಟು ತಗೋತೀರಾ ಅಂದರೆ ‘ನೋಡೋಣ’. ಮಗಳ ಜಾತಕ ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿ, ನೋಡಿಯಾದ ಮೇಲೂ ‘ನೋಡೋಣ’. ಕೇಳಿದವರು ‘ಸರಿ, ಬರ್ತೀವಿ ಹಾಗಾದ್ರೆ’ ಎಂದು ಚಪ್ಪಲಿ ಹುಡುಕಿಕೊಳ್ಳುತ್ತಾರೆ. ಮುಖ ಮುರಿಯುವುದಿಲ್ಲ, ಮನಸ್ಸು ಮುರಿಯುವುದಿಲ್ಲ, ಸಂಬಂಧವೊಂದು ಕುದುರುವುದಿಲ್ಲ ಅಷ್ಟೆ.

ನೀಲಕಂಠನ ಯಂತ್ರ ಹುಟ್ಟಿದ್ದು ಈ ಒಂದು ಪದದ ಕಾಟಕ್ಕೆ.

ಕೋಟಿನ ಗುಂಡಿಯಷ್ಟಗಲದ ಬಿಲ್ಲೆ ಅದು. ಹೆಸರು ‘ಅಂದ್ರೆ’. ಅಂಗಿಗೆ ಸಿಕ್ಕಿಸಿಕೊಂಡು ಯಾರ ಜೊತೆಗಾದರೂ ಮಾತಿಗೆ ಕೂತರೆ, ಅವರು ಆಡಿದ ಮಾತು ಮುಗಿದ ಕೂಡಲೇ, ಆಡದೆ ಬಿಟ್ಟ ಮಾತನ್ನು ಅವರದೇ ದನಿಯಲ್ಲಿ ಆಡಿಬಿಡುತ್ತದೆ. ಮಾಟವೂ ಅಲ್ಲ, ಮಂತ್ರವೂ ಅಲ್ಲ. ಮನುಷ್ಯ ಬಾಯಿ ತೆರೆಯುವ ಮುಂಚೆ, ಮೊದಲು ಹೊಳೆದ ವಾಕ್ಯವನ್ನು ಗಂಟಲಿನ ಸ್ನಾಯುಗಳು ಸದ್ದಿಲ್ಲದೆ ಒಂದು ಸಲ ಆಡಿ ನೋಡುತ್ತವೆ. ಅಷ್ಟರಲ್ಲಿ ಮರ್ಯಾದೆ ಓಡಿಬಂದು ಆ ವಾಕ್ಯವನ್ನು ಎಬ್ಬಿಸಿ, ಆ ಜಾಗದಲ್ಲಿ ಇನ್ನೊಂದನ್ನು ಕೂರಿಸುತ್ತದೆ. ‘ಮಾತು ನುಂಗಿಕೊಂಡ’ ಅನ್ನುತ್ತೇವಲ್ಲ, ಅದು ಅಲಂಕಾರವಲ್ಲ, ಶರೀರಶಾಸ್ತ್ರ. ಬಿಲ್ಲೆಯೊಳಗಿನ ಪುಟಾಣಿ ರೇಡಾರು ಎದುರಿನವರ ಗಂಟಲಿನ ಚರ್ಮದ ನಡುಕವನ್ನು ಓದಿ, ನುಂಗಿದ್ದನ್ನು ಕಕ್ಕಿಸುತ್ತದೆ.

“ನೀಲಕಂಠ ಅಂತ ಹೆಸರಿಟ್ಕೊಂಡು ಗಂಟಲು ಬಿಟ್ಟು ಇನ್ನೇನು ಹಿಡೀತೀಯ ನೀನು?” ಎಂದು ತಸ್ನೀಮ್ ರೇಗಿಸುತ್ತಿದ್ದಳು. ಅವಳು ಕಂಪನಿಯ ಇನ್ನರ್ಧ. ಇಂಜಿನಿಯರಿಂಗ್ ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿ ಅರ್ಧ ಹಾಸ್ಟೆಲು ಖಾಲಿ ಮಾಡಿಸಿದವಳು. ರೇಡಾರು ನೀಲಕಂಠನದಾದರೆ, ಕೇಳಿದ ದನಿಯನ್ನು ನಿಮಿಷದೊಳಗೆ ಅನುಕರಿಸುವ ವಿದ್ಯೆಯನ್ನು ಬಿಲ್ಲೆಗೆ ಕಲಿಸಿದ್ದು ತಸ್ನೀಮಳೇ. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು, ಎರಡು ಮೇಜು, ಒಂದು ಕೆಟ್ಟ ಫ್ಯಾನು. ಅಷ್ಟು ಅವರ ಪ್ರಯೋಗಾಲಯ.

ಇಬ್ಬರ ಲೆಕ್ಕದಲ್ಲಿ ಅದು ಆಟದ ಸಾಮಾನು. ಹುಟ್ಟುಹಬ್ಬಕ್ಕೆ, ಬೀಗರ ಔತಣಕ್ಕೆ, ನಗುವುದಕ್ಕೆ. ಪರೀಕ್ಷೆಗೆಂದು ಕುವೆಂಪುನಗರದ ಕೆಲವು ಮನೆಗಳಿಗೆ ಕೊಟ್ಟಾಗ ನಗುವೂ ಬಂತು, ಬೇರೆಯೂ ಬಂತು. ಒಂದು ಮನೆಯಲ್ಲಿ ಅತ್ತೆ ಸೊಸೆ ನೇರವಾಗಿ ಜಗಳವಾಡಲು ಶುರುಮಾಡಿ, ಮೊದಲ ಬಾರಿಗೆ ಒಟ್ಟಿಗೆ ಊಟಕ್ಕೆ ಕೂತರು. ಇನ್ನೊಂದು ಮನೆಯಲ್ಲಿ ಅಣ್ಣತಮ್ಮಂದಿರು ಮಾತೇ ಬಿಟ್ಟರು. ಉಳಿದವರು ಉಪಾಯ ಕಂಡುಕೊಂಡರು. ಬಿಲ್ಲೆ ಕಂಡ ತಕ್ಷಣ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳುವುದು! “ಕಾಫಿ ತಗೋತೀರಾ?” ಅಂದರೆ ಬಾಯಿ “ಅಯ್ಯೋ, ಈಗ ತಾನೇ ಆಯ್ತು” ಅನ್ನುತ್ತಿತ್ತು; ಬಿಲ್ಲೆ ಅದೇ ದನಿಯಲ್ಲಿ “ಹದಿಮೂರೆಂಟ್ಲ ನೂರನಾಲ್ಕು” ಅನ್ನುತ್ತಿತ್ತು. ಆ ಬಡಾವಣೆಯ ಮಕ್ಕಳಿಗಿಂತ ದೊಡ್ಡವರಿಗೇ ಲೆಕ್ಕ ಚೆನ್ನಾಗಿ ಬರಲು ಶುರುವಾಯಿತು.

ಸುದ್ದಿ ಹಬ್ಬಿತು. ಮೊದಲು ಫೋನು ಮಾಡಿದವರು ಒಂದು ವಿಮಾ ಕಂಪನಿಯ ಅಧಿಕಾರಿ, ಹುಬ್ಬಳ್ಳಿಯ ಅಂಗಡಿ ಸಾಹೇಬರು. ಕ್ಲೇಮಿಗೆ ಬಂದವರು ಕೂರುವ ಮೇಜಿನ ಕೆಳಗೆ ಬಿಲ್ಲೆ ಅಂಟಿಸುವುದು, ಅದರ ಮಾತು ತಮ್ಮ ಗುಮಾಸ್ತರ ಕಿವಿಗೆ ಮಾತ್ರ ಕೇಳುವಂತೆ ಮಾಡುವುದು, ಇದು ಅವರ ಯೋಜನೆ. ಕಾಲು ಮುರಿದುಕೊಂಡು ಬಂದವನ ಗಂಟಲಲ್ಲಿ ‘ಸ್ವಲ್ಪ ಜಾಸ್ತಿನೇ ನರಳೋಣ’ ಎಂದು ಬಂದುಹೋದರೆ ಕ್ಲೇಮು ವಜಾ. ನೀಲಕಂಠನಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲೇ ಖಡಾಖಂಡಿತವಾಗಿ ನಿರಾಕರಿಸಿದ. ಅಂದರೆ, “ನೋಡೋಣ ಸಾರ್” ಅಂದ.

“ನೋಡೂಣಂದ್ರ ಆತಲ್ರೀ ಮತ್ತ!” ಎಂದರು ಅಂಗಡಿಯವರು ಖುಷಿಯಿಂದ. “ಶುಕ್ರವಾರ ಕಾಗದಾ ತೊಗೊಂಡು ನಾನs ಬರ್ತೀನಿ.”

ಫೋನಿಟ್ಟ ಮೇಲೆ ತಸ್ನೀಮ್ ಅವನನ್ನು ದಿಟ್ಟಿಸಿದಳು. “ಹುಬ್ಬಳ್ಳಿಯವರ ಮುಂದೆ ಮೈಸೂರು ‘ಇಲ್ಲ’ ನಡೆಯಲ್ಲ ಕಣೋ. ಅವರು ಒಪ್ಪಿಗೆ ಅಂದ್ಕೊಂಡಾಯ್ತು. ನಿಜ ಹೇಳ್ತೀನಿ, ನನಗೂ ಬೇರೆ ದಾರಿ ಕಾಣ್ತಿಲ್ಲ. ಶುಕ್ರವಾರದೊಳಗೆ ಬಂಡವಾಳ ಹಾಕೋರು ಸಿಗದಿದ್ರೆ ನಾನು ಸಹಿ ಹಾಕ್ತೀನಿ. ಅಂಗಡಿ ಮುಚ್ಚೋದಕ್ಕಿಂತ ಅಂಗಡಿಯವರಿಗೆ ಮಾರೋದು ವಾಸಿ.”

ಉಳಿದಿದ್ದ ಆಸೆ ಒಂದೇ. ಗುಡುಗು ಸ್ಟಾರ್ ಮಾರ್ತಾಂಡ.

ತೆರೆಯ ಮೇಲೆ ಅವರು ‘ಏಯ್’ ಅಂದರೆ ಚಿತ್ರಮಂದಿರದ ಪಾರಿವಾಳಗಳು ಹಾರಿಹೋಗುತ್ತವೆ ಎಂಬ ಖ್ಯಾತಿ. ಇತ್ತೀಚೆಗೆ ಹೊಸ ಕಂಪನಿಗಳಿಗೆ ಹಣ ಹೂಡುವ ಹುಕಿ ಹತ್ತಿತ್ತು. ಬಾಟಲಿ ಪಾನಕ, ಮಡಚುವ ಹೆಲ್ಮೆಟ್ಟು, ಬೀಡಾ ಕಟ್ಟುವ ಯಂತ್ರ, ಹೀಗೆ. ಆ ವಾರ ಕೆಆರ್‌ಎಸ್ ರಸ್ತೆಯ ಪಾಳುಬಿದ್ದ ಕಾರ್ಖಾನೆಯೊಂದರಲ್ಲಿ ಅವರ ಶೂಟಿಂಗು. ತಸ್ನೀಮ್ ಯಾರ್ಯಾರಿಗೋ ಯಾರ್ಯಾರ ದನಿಯಲ್ಲೋ ಫೋನು ಮಾಡಿ ಬುಧವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸಮಯ ಗಿಟ್ಟಿಸಿದಳು.

ಹಿಂದಿನ ದಿನ ಶೆಡ್ಡಿನಲ್ಲಿ ತಾಲೀಮು ನಡೆಯಿತು. ತಸ್ನೀಮ್ ಕುರ್ಚಿಯ ಮೇಲೆ ಕಾಲಮೇಲೆ ಕಾಲು ಹಾಕಿ ಮಾರ್ತಾಂಡರಾದಳು. “ಏಯ್! ನಿನ್ನ ಬಿಲ್ಲೆಗೆ ಬೆಲೆ ಇದ್ಯೋ, ಬರೀ ಬಿಲ್ ಇದ್ಯೋ?”

“ಇದೆ ಸಾರ್… ಅಂದ್ರೆ… ಸಾರ್, ನೀವೇ ನೋಡ್ಬೇಕು…”

“ಸಾರು ಮನೇಲಿ ಬಡಿಸು. ಇಲ್ಲಿ ವಿಷಯ ಬಡಿಸು.”

ಮನೆಯಲ್ಲಿ ಸಾರಿನ ವಿಷಯ ಎತ್ತುವ ಹಾಗಿರಲಿಲ್ಲ. ಅವನ ಹೆಂಡತಿ ವಾರಿಜಾ ಕಣ್ಣಾಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷೆ ಮಾಡುವವಳು. ಬಿಲ್ಲೆ ಮೊದಲ ಸಲ ಮನೆಗೆ ಬಂದ ದಿನ ತಾನೇ ಅದನ್ನು ಸಿಕ್ಕಿಸಿಕೊಂಡು “ಸಾರು ಹೇಗಿದೆ ರೀ?” ಅಂದಿದ್ದಳು. ನೀಲಕಂಠ “ಚೆನ್ನಾಗಿದೆ” ಅಂದ. ಅವನ ದನಿಯಲ್ಲಿ ಬಿಲ್ಲೆ “ಉಪ್ಪಿಲ್ಲ, ಹೇಳಿದ್ರೆ ನಾಳೆ ಸಾರೂ ಇಲ್ಲ” ಅಂದಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಅವನು ಸಿಕ್ಕಿಸಿಕೊಂಡು, “ನಾನು ಕೆಲಸ ಬಿಟ್ಟಿದ್ದಕ್ಕೆ ನಿನಗೆ ಬೇಜಾರಿಲ್ಲ ತಾನೇ?” ಎಂದು ಕೇಳಿದ. ಅವಳು “ಪರ್ವಾಗಿಲ್ಲ ರೀ” ಅಂದಳು. ಬಿಲ್ಲೆ ಅವಳ ದನಿಯಲ್ಲಿ “ಕೇಳೋದಾಗಿದ್ರೆ ಬಿಡೋಕೆ ಮುಂಚೆ ಕೇಳ್ತಿದ್ರಿ” ಅಂದಿತು. ಆಗ ಯಾರೂ ನಗಲಿಲ್ಲ. ವಾರಿಜಾ ಎದ್ದುಹೋಗಿ ಅದನ್ನು ಚಪ್ಪಲಿ ಗೂಡಿನಲ್ಲಿಟ್ಟು ಬಂದಳು. ಅಂದಿನಿಂದ ಬಿಲ್ಲೆಗೆ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ.

ಬುಧವಾರ ಮಾರ್ತಾಂಡರ ಕ್ಯಾರವಾನಿನೊಳಗೆ ಎಸಿ ಚಳಿ. ಮುಖಕ್ಕೆ ಬಣ್ಣ, ಹಣೆಗೆ ಅಂಟಿಸಿದ ಗಾಯ, ತಟ್ಟೆಯಲ್ಲಿ ಬರೀ ಸೌತೆಕಾಯಿ. ಪಕ್ಕದಲ್ಲಿ ಮ್ಯಾನೇಜರ್ ಫಣೀಂದ್ರ. ತಸ್ನೀಮ್ ಹೂಡಿಕೆಯ ಮಾತೆಲ್ಲ ಮುಗಿಸಿ, ಫೋನಿನಲ್ಲಿ ವೀಡಿಯೋ ಶುರುಮಾಡಿ, ಕಣ್ಸನ್ನೆ ಮಾಡಿದಳು. ನೀಲಕಂಠ ಮೇಜಿನ ಮೇಲಿಟ್ಟಿದ್ದ ಬಿಲ್ಲೆಯನ್ನು ಫಣೀಂದ್ರನ ಕಡೆ ತಿರುಗಿಸಿ, “ಸಾರ್, ಇವರನ್ನ ಏನಾದ್ರೂ ಕೇಳಿ” ಅಂದ.

ಮಾರ್ತಾಂಡರು ಸೌತೆಕಾಯಿ ಅಗಿಯುತ್ತಲೇ ಕೇಳಿದರು. “ಏನ್ ಫಣಿ, ನನ್ನ ಹೋದ ಪಿಕ್ಚರ್ ಹೇಗಿತ್ತು?”

“ಸೂಪರ್ ಸಾರ್! ಮೂರು ಸಲ ನೋಡ್ದೆ!” ಎಂದ ಫಣೀಂದ್ರ.

“ಇವತ್ತಾದ್ರೂ ಒಂದು ಸಲ ನೋಡ್ಬಿಡ್ಬೇಕು,” ಎಂದಿತು ಬಿಲ್ಲೆ, ಫಣೀಂದ್ರನ ದನಿಯಲ್ಲಿ.

ಅಗಿಯುವುದು ನಿಂತಿತು. ಫಣೀಂದ್ರನ ಮುಖ ಸೌತೆಕಾಯಿಯ ಸಿಪ್ಪೆಯ ಬಣ್ಣಕ್ಕೆ ತಿರುಗಿತು. ಮಾರ್ತಾಂಡರು ಅವನನ್ನು ನೋಡಿದರು, ಬಿಲ್ಲೆಯನ್ನು ನೋಡಿದರು. ಆಮೇಲೆ ಮುಖ ಗಂಟಿಕ್ಕಿಕೊಂಡು, ಒಂದೇ ಪದ ಹೇಳಿದರು.

“ನೋಡೋಣ.”

ನೀಲಕಂಠನ ಕಣ್ಣು ನೆಲಕ್ಕಿಳಿಯಿತು. ಬಿಲ್ಲೆಯಾದರೂ ಬೇರೇನನ್ನಾದರೂ ಹೇಳೀತೇನೋ ಎಂದು, ಅದನ್ನು ಅವರತ್ತ ಒಂದಿಷ್ಟು ಹೊರಳಿಸಿದ. ಬಿಲ್ಲೆ ಮಾರ್ತಾಂಡರ ದನಿಯಲ್ಲಿ “ನೋಡಾನ” ಅಂದು ಸುಮ್ಮನಾಯಿತು.

ಹುಟ್ಟಿದಾಗಿನಿಂದ ಮೈಗೂಡಿದ ಅಭ್ಯಾಸ. ಇಬ್ಬರೂ ಒಟ್ಟಿಗೆ ಎದ್ದರು. ನೀಲಕಂಠ ಬಿಲ್ಲೆಯನ್ನು ಡಬ್ಬಿಗೆ ಹಾಕಿ ಮುಚ್ಚಿದ. ತಸ್ನೀಮ್ ಕೈ ಮುಗಿದಳು. “ಟೈಮ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಸಾರ್, ಬರ್ತೀವಿ.” ಮಾರ್ತಾಂಡರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಮೆಟ್ಟಿಲಿಳಿದಾಗಿತ್ತು.

ಶೆಡ್ಡಿಗೆ ಬಂದ ಮೇಲೆ ನೀಲಕಂಠ ಬಿಲ್ಲೆಯ ದಾಖಲೆಯನ್ನು ಕಂಪ್ಯೂಟರಿಗೆ ಇಳಿಸಿ ಅಲೆಗಳನ್ನು ನೋಡುತ್ತ ಕೂತ. ಯಂತ್ರ ಕೆಟ್ಟಿರಲಿಲ್ಲ. ಗಂಟಲಿನ ನಡುಕ ಸ್ಪಷ್ಟವಾಗಿತ್ತು.

“ವಿಚಿತ್ರ ಕಣೇ. ಬಾಯಿ ಹೇಳಿದ್ದನ್ನೇ ಗಂಟಲೂ ಹೇಳಿದೆ. ಹೀಗಾಗೋದು ಸಣ್ಣ ಮಕ್ಕಳಲ್ಲಿ, ಇಲ್ಲಾ ಕುಡಿದವರಲ್ಲಿ.”

“ಇಲ್ಲಾ ನಟರಲ್ಲಿ,” ಎಂದಳು ತಸ್ನೀಮ್. “ಮೂವತ್ತು ವರ್ಷದಿಂದ ಡೈಲಾಗನ್ನ ಒಳಗೊಳಗೇ ಹೇಳ್ಕೊಂಡು ಆಮೇಲೆ ಹೊರಗೆ ಹೇಳೋರು. ‘ನೋಡೋಣ’ ಅನ್ನೋದನ್ನೂ ಹಾಗೇ ಉರು ಹೊಡೆದು ಹೇಳಿದಾರೆ. ನಮ್ಮ ಬಿಲ್ಲೆ ಮೋಸಹೋಯ್ತು.”

“ಉರು ಹೊಡೆದಿದ್ರೆ ಗಂಟಲಲ್ಲೂ ‘ನೋಡೋಣ’ ಅಂತಾನೇ ಬರ್ಬೇಕಿತ್ತು. ‘ನೋಡಾನ’ ಅಂತ ಯಾಕೆ ಬಂತು? ಯಾವ ಡೈಲಾಗಲ್ಲಿ ಹಾಗಿರುತ್ತೆ? ಅದು ಅವರ ಊರಿನ ಮಾತು, ಮಳವಳ್ಳಿ ಕಡೇದು. ಮನಸ್ಸಿನಿಂದಲೇ ಬಂದಿದೆ.”

“ಮನಸ್ಸಿನಿಂದಲೇ ‘ಇಲ್ಲ’ ಅಂದಿದಾರೆ ಅಂತಾಯ್ತು. ಬಿಡು.” ತಸ್ನೀಮ್ ಫ್ಯಾನಿನ ಸ್ವಿಚ್ಚು ಎರಡು ಸಲ ಒತ್ತಿದಳು, ಅದು ತಿರುಗಲಿಲ್ಲ. “ನೀಲು, ನನಗೂ ಆ ಮೇಜಿನ ಕೆಳಗಿನ ಕೆಲಸ ಇಷ್ಟ ಅಂತ ತಿಳ್ಕೋಬೇಡ. ಆದ್ರೆ ನಾಡಿದ್ದು ಅವರು ಬಂದಾಗ ಹೇಳೋಕೆ ನಮ್ಮ ಹತ್ರ ಏನಿದೆ?”

ನೀಲಕಂಠ ಅವಳ ಫೋನಿನ ವೀಡಿಯೋವನ್ನು ತನ್ನ ಫೋನಿಗೆ ಕಳಿಸಿಕೊಂಡು ಮನೆಗೆ ಹೊರಟ.

ಸಂಜೆ ಮನೆಯಲ್ಲಿ ಅವನು ಫೋನಿನ ವೀಡಿಯೋ ಹಾಕಿ ವಾರಿಜಾಳ ಮುಂದೆ ಹಿಡಿದ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಬಗ್ಗಿ ನೋಡಿದಳು. ಫಣೀಂದ್ರನ ಪೇಚಾಟಕ್ಕೆ ನಕ್ಕಳು. ಕೊನೆಯ ಭಾಗವನ್ನು ಎರಡನೇ ಸಲ ಹಾಕಿಸಿದಳು.

“ಅವರ ಕೈ ನೋಡಿದ್ರಾ?”

“ಕೈ?”

“ಅಲ್ಲಿ, ತಟ್ಟೆ ಪಕ್ಕ. ನಿಲ್ಲಿಸಿ. ನೋಡಿ, ಅಂಗೈ ಮೇಲೆ ಮಾಡಿ ಚಾಚಿದಾರೆ. ‘ನೋಡೋಣ, ಕೊಡಿ’ ಅಂತಿದಾರೆ ಕಣ್ರೀ! ಆ ಬಿಲ್ಲೇನ ಕೈಯಲ್ಲಿ ಹಿಡಿದು ನೋಡ್ಬೇಕು ಅವರಿಗೆ. ನೀವು ಕಣ್ಮುಂದೇನೇ ಡಬ್ಬಿಗೆ ಹಾಕಿ, ಮುಚ್ಚಿ, ಟಾಟಾ ಮಾಡಿ ಬಂದಿದೀರ.”

ನೀಲಕಂಠ ಪರದೆಯನ್ನೇ ನೋಡಿದ. ಆ ದಪ್ಪ ಕೈ ತಾವಿಬ್ಬರೂ ಎದ್ದುನಿಂತ ಮೇಲೂ ಹಾಗೇ ಚಾಚಿಕೊಂಡಿತ್ತು. ಭಿಕ್ಷೆ ಬೀಳದ ಕೈಯ ಹಾಗೆ.

“ನಿನಗೆ ಹೇಗೆ ಹೊಳೀತೇ?”

“ಬೆಳಗಿಂದ ಸಂಜೆವರೆಗೂ ನಾನು ಹೇಳೋದು ಅದನ್ನೇ ಅಲ್ವಾ? ಎಡಗಣ್ಣು ಮುಚ್ಚಿ ನೋಡೋಣ, ಕೆಳಗಿನ ಸಾಲು ಓದಿ ನೋಡೋಣ. ನಾನು ‘ನೋಡೋಣ’ ಅಂದ ತಕ್ಷಣ ಪೇಶೆಂಟು ಎದ್ದು ಹೋಗ್ಬಿಟ್ರೆ ಆಸ್ಪತ್ರೆ ನಡೆದ ಹಾಗೇ.” ಅವಳು ಹುರುಳಿಕಾಯಿ ಬುಟ್ಟಿ ಪಕ್ಕಕ್ಕಿಟ್ಟಳು. “ನಾಳೆ ಬೆಳಗ್ಗೆ ಹೋಗಿ. ಫೋನ್ ಮಾಡ್ಕೊಂಡು ಕೂರ್ಬೇಡಿ, ಆ ಮ್ಯಾನೇಜರ್ ನಿಮ್ಮ ಫೋನ್ ಎತ್ತಲ್ಲ.”

ತಸ್ನೀಮಳಿಗೆ ಫೋನು ಮಾಡಿ ಹೇಳಿದ. ಅವಳು ಗುಡುಗು ಸ್ಟಾರಿನ ದನಿಯಲ್ಲಿ “ಏಯ್, ದಡ್ಡ ಮುಂಡೇವಾ!” ಎಂದು ಫೋನಿಟ್ಟಳು. ಬೈದದ್ದು ತನಗೂ ಸೇರಿಸಿಯೇ. ಆದರೂ ಬೆಳಗ್ಗೆ ಅವಳು ಶೆಡ್ಡಿನಲ್ಲೇ ಉಳಿದಳು. ಅಂಗಡಿಯವರು ಒಂದು ದಿನ ಮುಂಚೆ ಬಂದುಬಿಟ್ಟರೆ ತಡೆಯಲು ಒಬ್ಬರು ಬೇಕಿತ್ತು.

ಗುರುವಾರ ಮಾರ್ತಾಂಡರು ಬಣ್ಣ ಹಚ್ಚಿಕೊಳ್ಳುವ ಮುಂಚೆ ಸಿಕ್ಕರು. ಗಾಯವಿಲ್ಲದ ಹಣೆಯಲ್ಲಿ ಅವರು ಯಾವುದೋ ಸಹಕಾರಿ ಬ್ಯಾಂಕಿನ ನಿರ್ದೇಶಕರಂತೆ ಕಾಣುತ್ತಿದ್ದರು. ಫಣೀಂದ್ರ ಇರಲಿಲ್ಲ. ಸಿನಿಮಾ ನೋಡಲು ಕಳಿಸಿದ್ದರಂತೆ.

“ನೆನ್ನೆ ಯಾಕ್ರೀ ಹಾಗೆ ಓಡಿದ್ರಿ?”

“ನೀವು ‘ನೋಡೋಣ’ ಅಂದ್ರಿ ಸಾರ್.”

“ನೋಡೋಣ ಅಂದ್ರೆ ತೋರಿಸ್ಬೇಕು. ಮುಚ್ಚಿಟ್ಕೊಂಡು ಹೋಗ್ತಾರಾ ಯಾರಾದ್ರೂ?” ಎಂದು ಕೈ ಚಾಚಿದರು.

ನೀಲಕಂಠ ಬಿಲ್ಲೆ ಕೊಟ್ಟ. ಅವರು ಅದನ್ನು ಬೆಳಕಿಗೆ ಹಿಡಿದರು, ಕಿವಿಗೆ ಹಿಡಿದರು, ತೂಗಿ ನೋಡಿದರು. ಒಳಗೆ ಏನಿದೆ, ಯಾರು ಮಾಡಿದ್ದು, ಗೋಡೆಯಾಚೆ ಕೇಳುತ್ತದೆಯೇ, ನಿದ್ದೆಯಲ್ಲಿ ಕೆಲಸ ಮಾಡುತ್ತದೆಯೇ ಎಂದೆಲ್ಲ ಕೇಳಿದರು. ನೀಲಕಂಠ ಒಂದೊಂದಕ್ಕೂ ಉತ್ತರಿಸಿದ. ಕೇಳದಿದ್ದರೂ ಅಂಗಡಿಯವರ ಮೇಜಿನ ವಿಷಯವನ್ನೂ ಹೇಳಿಬಿಟ್ಟ. ನಾಳೆ ಅವರು ಬರುವುದು, ತಸ್ನೀಮ್ ಸಹಿ ಹಾಕುವುದು, ಆಮೇಲೆ ಇದು ಆಟದ ಸಾಮಾನಾಗಿ ಉಳಿಯದೇ ಇರುವುದು, ಎಲ್ಲವನ್ನೂ.

ಮಾರ್ತಾಂಡರು ಬಿಲ್ಲೆಯನ್ನು ಮೇಜಿನ ಮೇಲೆ ತಮ್ಮ ಕಡೆಗೇ ಮುಖ ಮಾಡಿ ನಿಲ್ಲಿಸಿದರು. ಎದೆ ಸೆಟೆಸಿ, ತೆರೆಯ ಮೇಲಿನ ದನಿಯಲ್ಲಿ ಹೇಳಿದರು. “ಹೂಡ್ತೀನಿ!”

ಬಿಲ್ಲೆ ಅದೇ ಗಂಟಲಿನಿಂದ, ಗುಡುಗಿಲ್ಲದೆ, ಸಣ್ಣಗೆ ಹೇಳಿತು. “ಬ್ಯಾಡ ಕಣ್ಲಾ. ಪಾನಕದಲ್ಲೂ ಮುಳುಗ್ದೆ. ಭಯ ಆಯ್ತದೆ.”

ನೀಲಕಂಠ ಡಬ್ಬಿಗೆ ಕೈಹಾಕಿದ. ‘ನಿಜವಾದ ಮಾತು ಕೇಳಿ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿದ್ದವನು ಅವನೇ. ಆ ಲೆಕ್ಕದಲ್ಲಿ ಈಗ ಬಂದ ಉತ್ತರ ‘ಬೇಡ’. ಎದ್ದು ಹೊರಡಬೇಕು.

“ಎರಡೂ ಕೇಳಿಸ್ತಲ್ಲ,” ಎಂದರು ಮಾರ್ತಾಂಡರು. ಈ ಸಲ ದನಿಯಲ್ಲಿ ನಟನೆ ಇರಲಿಲ್ಲ. “ಯಾವ ಮಾತು ತಗೋತೀರಿ?”

ನೀಲಕಂಠ ಡಬ್ಬಿಯಿಂದ ಕೈ ತೆಗೆದ. “ನೀವು ಕೊಟ್ಟಿದ್ದು ಯಾವುದು ಸಾರ್?”

ಮಾರ್ತಾಂಡರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಹಾಂ! ಹಾಗೆ ಕೇಳಿ. ಮಾತು ಕೊಡೋದು ಬಾಯಿ. ಗಂಟಲಲ್ಲಿದ್ದದ್ದು ನಾನು ಕೊಡ್ಲಿಲ್ಲ, ನಿಮ್ಮ ಬಿಲ್ಲೆ ಕಿತ್ಕೊಂಡಿದ್ದು. ಮೂವತ್ತು ವರ್ಷದಿಂದ ಮಹಡಿ ಮೇಲಿಂದ ಹಾರ್ತಾ ಇದೀನಿ ನಾನು. ಒಂದೊಂದ್ ಸಲಾನೂ ಒಳಗಿಂದ ‘ಬ್ಯಾಡ ಕಣ್ಲಾ’ ಅಂತ ಕೂಗೋದೆ. ಹಾಗಂತ ಹಾರಿದ್ದು ಸುಳ್ಳಾ?”

“ಅಲ್ಲ ಸಾರ್.”

“ಕಾಲು ಮುರ್ಕೊಂಡೋನು ಒಳಗೆ ಏನೇ ಅಂದ್ಕೊಳ್ಲಿ, ಮುರಿದಿರೋದಂತೂ ಕಾಲೇ. ಅವನಿಗೆ ಗೊತ್ತಿಲ್ದಂಗೆ ಕಿತ್ಕೋಬಾರದು. ಎದುರಿಗಿರೋನ ಕೈಗೆ ಇದನ್ನ ಕೊಡ್ಬೇಕು, ಅವನು ನೋಡ್ಬೇಕು, ಅವನ ಹೆಬ್ಬೆಟ್ಟು ಬಿದ್ಮೇಲೇ ಇದು ಬಾಯಿ ಬಿಡ್ಬೇಕು. ಹಾಗೆ ಮಾಡೋಕಾಗುತ್ತಾ?”

ನೀಲಕಂಠ ಮನಸ್ಸಿನಲ್ಲೇ ಬಿಲ್ಲೆಯನ್ನು ಬಿಚ್ಚಿದ. ಹಿಂಬದಿಯಲ್ಲಿ ಬೆರಳಚ್ಚಿನ ಸಂವೇದಕಕ್ಕೆ ಜಾಗವಿತ್ತು. ಬ್ಯಾಟರಿ ಸ್ವಲ್ಪ ತೆಳುವಾಗಬೇಕು. “ಆಗುತ್ತೆ ಸಾರ್. ಒಂದು ತಿಂಗಳು ಬೇಕು.”

“ತಗೊಳ್ಳಿ. ಈಗ ಆ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ. ಇಲ್ಲೇ, ನನ್ನ ಮುಂದೆ.”

ಫೋನು ಎರಡೇ ರಿಂಗಿಗೆ ಎತ್ತಿಬಿಟ್ಟರು ಅಂಗಡಿಯವರು. “ಹಾಂ ಹೇಳ್ರೀ! ನಾಳೆ ಹತ್ತಕ್ಕ ಬರ್ಲ್ಯಾ, ಹನ್ನೊಂದಕ್ಕ ಬರ್ಲ್ಯಾ?”

ನೀಲಕಂಠನ ನಾಲಿಗೆ ತಾನಾಗಿಯೇ ‘ನೋ’ ತನಕ ಹೋಯಿತು. ಅಲ್ಲಿಂದ ಅದನ್ನು ಹಿಂದಕ್ಕೆಳೆದು ತರುವಷ್ಟರಲ್ಲಿ ಅವನ ಕಿವಿ ಕೆಂಪಾಗಿತ್ತು. “ಬರ್ಬೇಡಿ ಸಾರ್. ಇಲ್ಲ. ನಾವು ನಿಮಗೆ ಕೊಡಲ್ಲ.”

“ಇಲ್ಲಾ? ಮೊನ್ನೆ ನೋಡೂಣು ಅಂದಿದ್ರೀ?”

“ಅವತ್ತೂ ಇಲ್ಲ ಅಂತಾನೇ ಹೇಳಿದ್ದು ಸಾರ್.”

ಆ ಕಡೆಯಿಂದ ದೀರ್ಘವಾದ ಉಸಿರು ಕೇಳಿಸಿತು. “ಎಂಥಾ ಮಂದೀರೀ ನೀವು! ಇಲ್ಲಂತ ಮೊದ್ಲs ಅಂದಿದ್ರ ನಾ ರೇಲ್ವೆ ಟಿಕೇಟರ ತಗಸ್ತಿದ್ದಿಲ್ಲ. ಇರ್ಲಿ, ಮೈಸೂರು ನೋಡಿಲ್ಲ ನಾನು, ಅರಮನಿ ನೋಡ್ಕೊಂಡು ಬರ್ತೀನಿ.” ಫೋನು ಇಟ್ಟರು.

ಮಾರ್ತಾಂಡರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ನೀಲಕಂಠ ತಸ್ನೀಮಳಿಗೆ ಸುದ್ದಿ ಹೇಳಿದ. ಅವಳು ತನ್ನ ಸ್ವಂತ ದನಿಯಲ್ಲಿ, ತುಸು ಒದ್ದೆಯಾಗಿ, “ಸರಿ ಕಣೋ, ಬೇಗ ಬಾ, ಬ್ಯಾಟರಿ ಅಳತೆ ತೆಗೀಬೇಕು” ಅಂದಳು. ಹೊರಗೆ ಯಾರೋ ಬಾಗಿಲು ಬಡಿದು “ಸಾರ್, ಶಾಟ್ ರೆಡಿ” ಎಂದು ಕೂಗಿದರು.

ಮಾರ್ತಾಂಡರು ಎದ್ದು ನಿಂತರು. ಮೇಜಿನ ಮೇಲಿದ್ದ ಬಿಲ್ಲೆಯ ಸ್ವಿಚ್ಚನ್ನು ಉಗುರಿನಿಂದ ಆರಿಸಿದರು.

“ಕೈ ಕೊಡಿ,” ಎಂದರು. “ಆಮೇಲೆ ಮಾತ್ರ ಕೈ ಕೊಡಬೇಡಿ.”

“ಕೊಡಲ್ಲ ಸಾರ್,” ಎನ್ನುತ್ತ ನೀಲಕಂಠ ಕೈ ಕೊಟ್ಟ.